ಖಾಲಿ ಜಾಗ ಕಾಣಿಸುವ ಪೆಟ್ಟಿಗೆ

ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಕಾಯುವವರು ಸಾಮಾನ್ಯವಾಗಿ ಮೆಕ್ಯಾನಿಕ್ಕಿನ ಮುಖ ನೋಡುತ್ತಾರೆ. ಎಷ್ಟು ಬಿಲ್ಲಾದೀತು ಎಂಬ ಸುಳಿವು ಅಲ್ಲಿ ಸಿಗಬಹುದೆಂಬ ಆಸೆ. ನೋಡಬೇಕಾದ್ದು ಅವನ ಬಲಗೈ. ಎಂಜಿನ್ನಿನೊಳಗೆ ತಲೆ ತೂರಿಸಿದವನು ಕಣ್ಣೆತ್ತದೆ ಕೈಯನ್ನು ಹಿಂದಕ್ಕೆ ಚಾಚಿ, ಟ್ರೇ ತಡವಿ, ಹನ್ನೆರಡರ ರಿಂಗ್ ಸ್ಪ್ಯಾನರನ್ನೇ ಎತ್ತಿಕೊಂಡನೆಂದರೆ ಗಾಡಿ ಒಳ್ಳೆಯವರ ಕೈಗೆ ಬಿದ್ದಿದೆ. ಅದೇ ಕೈ ಕಬ್ಬಿಣದ ರಾಶಿಯಲ್ಲಿ ಖಣಖಣ ಸದ್ದು ಮಾಡಿ, ಮೊದಲು ಹದಿನಾಲ್ಕನ್ನು, ಆಮೇಲೆ ಹತ್ತನ್ನು ಎತ್ತಿ, ಕೊನೆಗೆ ‘ಎಲ್ಲೋಯ್ತೋ ಅದು’ ಎಂಬ ಕೂಗು ಕೇಳಿದರೆ ಸಂಜೆಯವರೆಗೆ ಕಾಯಲು ಸಿದ್ಧರಾಗಿ.

ಹಿಂದೆ ಈ ಹುಡುಕಾಟಕ್ಕೆಂದೇ ಒಬ್ಬ ಹುಡುಗ ಇರುತ್ತಿದ್ದ. ಬೆಂಗಳೂರಿನ ಜೆ.ಸಿ. ರಸ್ತೆಯ ಸಂದಿಗಳಿರಲಿ, ಹೆದ್ದಾರಿ ಬದಿಯ ತಗಡಿನ ಶೆಡ್ಡಿರಲಿ, ‘ಹನ್ನೆರಡು-ಹದಿಮೂರು ಕೊಡೋ’ ಎಂದರೆ ಸಾಕು, ಚಾಚಿದ ಅಂಗೈಗೆ ಸ್ಪ್ಯಾನರು ಬಂದು ಕೂರುತ್ತಿತ್ತು. ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತ ತೊಳೆಯುತ್ತ ಹುಡುಗನ ಕಣ್ಣಿಗೆ ಅಳತೆ ಹತ್ತುತ್ತಿತ್ತು. ತಪ್ಪು ಸ್ಪ್ಯಾನರು ಕೊಟ್ಟರೆ ಅದು ಬೈಗುಳದ ಸಮೇತ ವಾಪಸು ಬರುತ್ತಿತ್ತು. ಅವನೇ ಆ ಗ್ಯಾರೇಜಿನ ಟೂಲ್ ಬಾಕ್ಸು. ಯಾವುದು ಎಲ್ಲಿದೆ ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿ. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳಿತು. ಶಾಲೆಯಲ್ಲಿರಬೇಕಾದವರು ಶಾಲೆಗೆ ಹೋದದ್ದು ಒಳ್ಳೆಯದೇ ಆಯಿತು. ಈಗ ಗ್ಯಾರೇಜಿಗೆ ಬರುವವರು ಐಟಿಐನಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ತರಬೇತಿ ಮುಗಿಸಿದವರು. ಪಕ್ಕದಲ್ಲಿ ನಿಂತು ಸ್ಪ್ಯಾನರು ಎತ್ತಿಕೊಡಲು ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗಾಗಿ ಹುಡುಗನ ಕೆಲಸವನ್ನು ಪೆಟ್ಟಿಗೆಯೇ ಮಾಡಬೇಕಾಗಿದೆ. ನಮ್ಮ ಬಹುಪಾಲು ಪೆಟ್ಟಿಗೆಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಕೈಗೆ ಎಟಕುವುದು ಎಂಬ ಸಂಗತಿಯನ್ನು ಗಂಭೀರವಾಗಿ ಅಳೆದವರಲ್ಲಿ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಮೊದಲಿಗರು. ಗಾರೆ ಕೆಲಸದಿಂದ ಬದುಕು ಶುರು ಮಾಡಿದ ಈತ, ಇಟ್ಟಿಗೆ ಇಡುವವನು ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಗ್ಗಿ ಏಳುವುದನ್ನು ಕಂಡು, ಇಟ್ಟಿಗೆಯೇ ಸೊಂಟದ ಎತ್ತರಕ್ಕೆ ಬರುವಂತೆ ಅಟ್ಟಣೆ ರೂಪಿಸಿದ. ಒಂದು ಇಟ್ಟಿಗೆ ಕೂರಿಸಲು ಬೇಕಿದ್ದ ಹದಿನೆಂಟು ಚಲನೆಗಳು ಐದಕ್ಕಿಳಿದವು. 1909ರ ಅವನ ಪುಸ್ತಕದಲ್ಲಿ ಇದರ ವಿವರವಿದೆ. ಆಮೇಲೆ ಅವನ ಕ್ಯಾಮೆರಾ ಆಪರೇಷನ್ ಕೊಠಡಿಗೂ ಹೋಯಿತು. ರೋಗಿಯ ಮೇಲಿರಬೇಕಾದ ಸರ್ಜನ್ನಿನ ಕಣ್ಣು ಕತ್ತರಿ ಚಿಮುಟ ಹುಡುಕಲು ಮತ್ತೆ ಮತ್ತೆ ತಟ್ಟೆಯತ್ತ ಹೊರಳುವುದನ್ನು ಕಂಡು, ಪಕ್ಕದಲ್ಲೊಬ್ಬರು ನಿಂತು ಹೆಸರು ಹೇಳಿದ ಉಪಕರಣವನ್ನು ಅಂಗೈಗೆ ಇಡಲಿ ಎಂದು ಸೂಚಿಸಿದ. ನಮ್ಮ ಗ್ಯಾರೇಜುಗಳು ಯಾರ ಪುಸ್ತಕವನ್ನೂ ಓದದೆ ಅದನ್ನೇ ಮಾಡಿಕೊಂಡು ಬಂದಿದ್ದವು.

ಪೆಟ್ಟಿಗೆ ಜೋಡಿಸಲು ಕೂತವರು ಮಾಡುವ ಮೊದಲ ಕೆಲಸ ಆರರಿಂದ ಇಪ್ಪತ್ತೆರಡರವರೆಗೆ ಸ್ಪ್ಯಾನರುಗಳನ್ನು ಸಾಲಾಗಿ ಇಡುವುದು. ನೋಡಲು ಚೆಂದ. ಆದರೆ ಗಾಡಿಗಳು ಅಂಕಿಗಳನ್ನು ಹಾಗೆ ಸಮನಾಗಿ ಹಂಚಿಕೊಂಡಿಲ್ಲ. ಮಾರುತಿ, ಟೊಯೋಟಾದಂಥ ಜಪಾನೀ ಮೂಲದ ಗಾಡಿಗಳಲ್ಲಿ ಆರು ಮಿಲಿಮೀಟರ್ ಬೋಲ್ಟಿನ ತಲೆಗೆ ಹತ್ತರ ಸ್ಪ್ಯಾನರು, ಎಂಟರ ಬೋಲ್ಟಿಗೆ ಹನ್ನೆರಡು, ಹತ್ತರ ಬೋಲ್ಟಿಗೆ ಹದಿನಾಲ್ಕು, ಹನ್ನೆರಡರದಕ್ಕೆ ಹದಿನೇಳು. ಜರ್ಮನಿಯ ಪದ್ಧತಿಯಲ್ಲಿ ಎಂಟರ ಬೋಲ್ಟಿಗೆ ಹದಿಮೂರು; ಮುಂದಿನವು ಹಿಂದೆ ಹದಿನೇಳು, ಹತ್ತೊಂಬತ್ತು ಇದ್ದದ್ದು ಈಗ ಹದಿನಾರು, ಹದಿನೆಂಟು. ಅಂಗಡಿಯಲ್ಲಿ ಸಿಗುವ ಎಂಟು ಸ್ಪ್ಯಾನರುಗಳ ಸೆಟ್ಟನ್ನು ಈ ಕಣ್ಣಿನಿಂದ ನೋಡಿ: 6-7, 8-9, 10-11, 12-13, 14-15, 16-17, 18-19, 20-22. ಮಾರುತಿ ಬಿಚ್ಚುವವನಿಗೆ ಇದರಲ್ಲಿ ಹೆಚ್ಚಿನವು ಒಂದೇ ಬಾಯಿಯ ಸ್ಪ್ಯಾನರುಗಳು. ಹತ್ತು ಸವೆದು ಬಾಯಿ ಅಗಲವಾಗಿರುತ್ತದೆ, ಆಚೆ ತುದಿಯ ಹನ್ನೊಂದು ತಂದ ದಿನದ ಹೊಳಪಿನಲ್ಲೇ ಇರುತ್ತದೆ.

ಹತ್ತರದ್ದೇ ಯಾವಾಗಲೂ ಕಳೆದುಹೋಗುತ್ತದೆ ಎಂಬುದು ಜಗತ್ತಿನ ಎಲ್ಲ ಮೆಕ್ಯಾನಿಕ್ಕುಗಳ ದೂರು. ಇದರಲ್ಲಿ ದೆವ್ವದ ಕೈವಾಡವೇನಿಲ್ಲ. ಬ್ಯಾಟರಿ ಟರ್ಮಿನಲ್ಲು, ಏರ್ ಫಿಲ್ಟರ್ ಡಬ್ಬಿ, ವೈರಿಂಗ್ ಕ್ಲಾಂಪು, ಪ್ಲಾಸ್ಟಿಕ್ ಕವರು ಎಲ್ಲದಕ್ಕೂ ಅದೇ ಆರು ಮಿಲಿಮೀಟರಿನ ಬೋಲ್ಟು. ಅತಿ ಹೆಚ್ಚು ಸಲ ಹೊರಬರುವುದು ಅತಿ ಹೆಚ್ಚು ಕಡೆ ಉಳಿಯುತ್ತದೆ. ಅದಕ್ಕೆ ಮದ್ದು ಎರಡು. ಒಂದು, ಹತ್ತರದ್ದನ್ನು ಮೂರು ಕೊಂಡು ಮೂರಕ್ಕೂ ಜಾಗ ಮಾಡುವುದು. ಇನ್ನೊಂದು, ಅಂಕಿಯ ಸಾಲನ್ನು ಮುರಿದು 10, 12, 14, 17 ಇವಿಷ್ಟನ್ನು ಕೈಗೆ ಹತ್ತಿರದ ಟ್ರೇಗೆ ಎಳೆದು ತರುವುದು. 9, 11, 15 ಹಿಂದೆ ಇರಲಿ. ಬೇಕಾದ ದಿನ ಹೋಗಿ ತಂದರಾಯಿತು. ಫೋಕ್ಸ್‌ವ್ಯಾಗನ್, ಸ್ಕೋಡಾ ಬಿಚ್ಚುವ ಗ್ಯಾರೇಜಿನ ಮುಂದಿನ ಸಾಲು ಬೇರೆಯೇ: 10, 13, 16, 18. ಮುಂದೆ ಯಾವುದು, ಹಿಂದೆ ಯಾವುದು ಎಂಬುದನ್ನು ಬಾಗಿಲಿಗೆ ಬರುವ ಗಾಡಿ ನಿರ್ಧರಿಸಬೇಕು, ಸೆಟ್ಟಿನ ಡಬ್ಬಿಯಲ್ಲ.

ಇಂಚಿನ ಸ್ಪ್ಯಾನರುಗಳದ್ದು ಬೇರೆಯೇ ಕಥೆ. ಭಾರತ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಯತ್ತ ಹೊರಳಿತು. ಅದಕ್ಕೂ ಒಂದು ವರ್ಷ ಮೊದಲು ಮದ್ರಾಸಿನಲ್ಲಿ ತಯಾರಾಗಲು ಶುರುವಾದ ಬುಲೆಟ್ ಬೈಕು ಮಾತ್ರ ಬ್ರಿಟಿಷ್ ಥ್ರೆಡ್ಡುಗಳನ್ನು ದಶಕಗಳ ಕಾಲ ಬಿಡಲಿಲ್ಲ. ಅದೇ ದಶಕಗಳಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುತ್ತಿದ್ದ ಜಾವಾ, ಯೆಜ್ಡಿಗಳು ಚೆಕ್ ಮೂಲದವು, ಪೂರಾ ಮೆಟ್ರಿಕ್. ಎರಡನ್ನೂ ರಿಪೇರಿ ಮಾಡುವ ಹಳೆ ಮೈಸೂರಿನ ಮೆಕ್ಯಾನಿಕ್ಕಿನ ಪೆಟ್ಟಿಗೆಯಲ್ಲಿ ಎರಡು ವಂಶಗಳು ಒಟ್ಟಿಗೆ ಸಂಸಾರ ಮಾಡಬೇಕಿತ್ತು. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರು, ಹತ್ತೊಂಬತ್ತರ ಜಾಗದಲ್ಲಿ ನಡೆಯುತ್ತದೆ. ಅರ್ಧ ಇಂಚು 12.7, ಅದರ ನಟ್ಟಿಗೆ ಹದಿಮೂರು ಹಾಕಿದರೆ ಕೂತಂತೆ ಕೂತು, ಜೋರು ಹಾಕಿದಾಗ ಜಾರಿ ಮೂಲೆ ತಿನ್ನುತ್ತದೆ. ಸ್ವಲ್ಪವೂ ಕೂರದ ಸ್ಪ್ಯಾನರಿನಿಂದ ಅಪಾಯವಿಲ್ಲ. ಅಪಾಯ ಇರುವುದು ಹೆಚ್ಚುಕಡಿಮೆ ಕೂರುವ ಸ್ಪ್ಯಾನರಿನಿಂದ. ಇದರ ಮೇಲೆ ವಿಟ್‌ವರ್ತ್ ತಕರಾರು ಬೇರೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಈ ಥ್ರೆಡ್ಡಿನ ಸ್ಪ್ಯಾನರುಗಳ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ಬಾಯಿಯ ಅಗಲವಲ್ಲ. ಕಾಲು ಇಂಚು ಎಂದು ಕೆತ್ತಿದ ಸ್ಪ್ಯಾನರಿನ ಬಾಯಿ ಹದಿಮೂರು ಮಿಲಿಮೀಟರಿಗಿಂತ ದೊಡ್ಡದು! ಇಂಚಿನ ಸ್ಪ್ಯಾನರುಗಳು ಬೇರೆ ಡ್ರಾಯರಿನಲ್ಲೇ ಇರಬೇಕು. ಹಿಡಿಗೊಂದು ಕೆಂಪು ಪಟ್ಟಿ ಬಳಿದಿದ್ದರೆ ಇನ್ನೂ ಒಳ್ಳೆಯದು; ದಾರಿ ತಪ್ಪಿ ಮೆಟ್ರಿಕ್ ಸಾಲಿಗೆ ಬಂದರೆ ದೂರದಿಂದಲೇ ಗೊತ್ತಾಗುತ್ತದೆ. ತಮಾಷೆಯೆಂದರೆ, ಸಾಕೆಟ್ಟು ಎಷ್ಟೇ ಮೆಟ್ರಿಕ್ ಆಗಿದ್ದರೂ ಅದರ ಬೆನ್ನಿನ ಚೌಕ ತೂತು ಇವತ್ತಿಗೂ ಕಾಲು, ಮೂರೆಂಟಾಂಶ, ಅರ್ಧ ಇಂಚಿನ ಲೆಕ್ಕದಲ್ಲೇ ನಡೆಯುತ್ತಿದೆ.

ಸಾಕೆಟ್ಟುಗಳ ವಿಷಯ ಬಂದದ್ದರಿಂದ ಒಂದು ಮಾತು. 1920ರಲ್ಲಿ ಅಮೆರಿಕದ ಜೋಸೆಫ್ ಜಾನ್ಸನ್ ಐದು ಹಿಡಿ, ಹತ್ತು ಸಾಕೆಟ್ಟು ಸೇರಿಸಿ, ಐವತ್ತು ಸ್ಪ್ಯಾನರುಗಳ ಕೆಲಸ ಆಗುತ್ತದೆಂದು ಮಾರಲು ಹೊರಟ. ಸ್ನ್ಯಾಪ್-ಆನ್ ಕಂಪನಿ ಹುಟ್ಟಿದ್ದು ಹೀಗೆ. ಉಪಾಯ ಅದ್ಭುತ. ಆದರೆ ಐವತ್ತು ದೊಡ್ಡ ವಸ್ತುಗಳ ಜಾಗಕ್ಕೆ ಉರುಳಿಹೋಗಬಲ್ಲ ಚಿಕ್ಕ ವಸ್ತುಗಳು ಬಂದವು. ಸಾಕೆಟ್ಟುಗಳನ್ನು ಡಬ್ಬಿಯಲ್ಲಿ ಸುರಿದಿಡಬಾರದು. ಕ್ಲಿಪ್ಪಿನ ಪಟ್ಟಿಗೆ ಸಿಕ್ಕಿಸಿ, ಅಂಕಿ ಮೇಲೆ ಬರುವಂತೆ ನಿಲ್ಲಿಸಬೇಕು. ಗಿಡ್ಡ ಸಾಕೆಟ್ಟಿನ ಪಟ್ಟಿ ಬೇರೆ, ಉದ್ದದ್ದರ ಪಟ್ಟಿ ಬೇರೆ. ಪಟ್ಟಿ ಸಿಗದಿದ್ದರೆ ಮರದ ಹಲಗೆಗೆ ಮೊಳೆ ಹೊಡೆದರೂ ನಡೆಯುತ್ತದೆ.

ಎತ್ತರ, ತೂಕಗಳ ಲೆಕ್ಕ ಸರಳ. ನಮ್ಮಲ್ಲಿ ಹೆಚ್ಚು ಕಾಣುವ ಐದು ಟ್ರೇಗಳ ತಗಡಿನ ಪೆಟ್ಟಿಗೆಯನ್ನು ಹಿಡಿಯೆಳೆದು ತೆರೆದರೆ ಎರಡೂ ಕಡೆಗೆ ಮೆಟ್ಟಿಲಾಗಿ ಅರಳಿಕೊಳ್ಳುತ್ತದೆ. ಮೇಲಿನ ಎರಡು ಟ್ರೇಗಳಲ್ಲಿ ದಿನಬಳಕೆಯ ಸ್ಪ್ಯಾನರು, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರು, ಕಟಿಂಗ್ ಪ್ಲೈಯರು. ನಡುವಿನವುಗಳಲ್ಲಿ ಸಾಕೆಟ್ಟು, ಅಲೆನ್ ಕೀ. ತಳದಲ್ಲಿ ಸುತ್ತಿಗೆ, ಉಳಿ, ಪುಲ್ಲರ್. ಡ್ರಾಯರಿನ ಕಪಾಟಾದರೂ ನಿಯಮ ಇದೇ. ಭಾರದ್ದನ್ನು ಮೇಲಿನ ಡ್ರಾಯರುಗಳಲ್ಲಿ ತುಂಬಿ ಎರಡು ಮೂರನ್ನು ಒಟ್ಟಿಗೆ ಎಳೆದರೆ ಇಡೀ ಕಪಾಟು ಮುಂದಕ್ಕೆ ವಾಲಿ ಕಾಲಮೇಲೆ ಬರುತ್ತದೆ. ಒಳ್ಳೆಯ ಕಪಾಟುಗಳಲ್ಲಿ ಒಂದು ಡ್ರಾಯರು ತೆರೆದಾಗ ಉಳಿದವು ಬೀಗ ಹಾಕಿಕೊಳ್ಳುವುದು ಇದಕ್ಕೇ.

ಅಳೆಯುವ ಉಪಕರಣಗಳನ್ನು ಹೊಡೆಯುವ ಉಪಕರಣಗಳ ಜೊತೆ ಇಡಬಾರದು. ವರ್ನಿಯರು, ಫೀಲರ್ ಗೇಜು, ಡಯಲ್ ಗೇಜುಗಳಿಗೆ ಒಂದು ಪ್ರತ್ಯೇಕ ಡ್ರಾಯರು, ಅಡಿಗೊಂದು ಮೆತ್ತನೆಯ ಬಟ್ಟೆ. ಟಾರ್ಕ್ ರೆಂಚು ಈ ಗುಂಪಿಗೆ ಸೇರಿದ್ದು. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ಉದ್ದನೆಯ ರಾಡು ಎಂದು ತಿಳಿದು ಜಾಮಾದ ನಟ್ಟು ಬಿಚ್ಚಲು ಬಳಸುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕ್ಲಿಕ್ ಎನ್ನುವ ಬಗೆಯ ಟಾರ್ಕ್ ರೆಂಚಿನೊಳಗೆ ಸ್ಪ್ರಿಂಗಿದೆ. ಕೆಲಸ ಮುಗಿದ ಮೇಲೆ ಅದನ್ನು ಸ್ಕೇಲಿನ ಅತಿ ಕಡಿಮೆ ಅಂಕಿಗೆ ಇಳಿಸಿ, ಅದರ ಸ್ವಂತ ಡಬ್ಬಿಯಲ್ಲಿ ಮಲಗಿಸಬೇಕು. ವರ್ಷಕ್ಕೊಮ್ಮೆ ಅಥವಾ ಐದು ಸಾವಿರ ಸಲ ಬಳಸಿದ ಮೇಲೆ, ಯಾವುದು ಮೊದಲೋ ಆಗ, ತಾಳೆ ನೋಡಿಸಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡದ ಸಲಹೆ. ಮಂಗಳೂರು, ಕಾರವಾರದ ಕಡೆಯವರಿಗೆ ಇನ್ನೊಂದು ಕಾಟ, ತುಕ್ಕು. ಒದ್ದೆ ಬನಿಯನ್ ವೇಸ್ಟನ್ನು ಪೆಟ್ಟಿಗೆಯೊಳಗೆ ಬಿಡದಿರುವುದು, ಮಳೆಗಾಲದಲ್ಲಿ ಎಣ್ಣೆ ಸವರಿಡುವುದು, ಅಷ್ಟೆ.

ಇಷ್ಟೆಲ್ಲ ಕ್ಯಾಟಲಾಗಿನಲ್ಲಿ ಸಿಗುವ ಉಪಕರಣಗಳ ವಿಷಯ. ನಿಜವಾದ ಮೆಕ್ಯಾನಿಕ್ಕಿನ ಆಸ್ತಿ ಇರುವುದು ಕ್ಯಾಟಲಾಗಿನಾಚೆ. ಒಂದು ನಿರ್ದಿಷ್ಟ ಗಾಡಿಯ ಸ್ಟಾರ್ಟರ್ ಮೋಟಾರಿನ ಹಿಂದೆ ಅಡಗಿದ ಬೋಲ್ಟಿಗೆಂದೇ ಕಾಯಿಸಿ ಬಗ್ಗಿಸಿದ ಹದಿನಾಲ್ಕರ ರಿಂಗು. ಇಕ್ಕಟ್ಟಿನಲ್ಲಿ ತೂರಲೆಂದು ಸಾಣೆ ಹಿಡಿದು ತೆಳ್ಳಗಾಗಿಸಿದ ಹದಿನೇಳು. ಹಳೆ ಅರ ಬಡಿದು ಮಾಡಿದ ಸ್ಕ್ರೇಪರು, ಸೈಕಲ್ ಕಡ್ಡಿಯ ತುದಿ ಮಡಚಿ ಮಾಡಿದ ಸ್ಪ್ರಿಂಗ್ ಕೊಕ್ಕೆ, ಹಾಳಾದ ಕ್ಲಚ್ ಪ್ಲೇಟುಗಳಿಗೆ ರಾಡು ವೆಲ್ಡ್ ಮಾಡಿ ಮಾಡಿಕೊಂಡ ಹಿಡಿತ. ಹೊರಗಿನವರ ಕಣ್ಣಿಗೆ ಇವು ಗುಜರಿ. ಪೆಟ್ಟಿಗೆ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಹೊಸಬರು ಮೊದಲು ಎಸೆಯುವುದೂ ಇವನ್ನೇ. ಇವುಗಳಿಗೊಂದು ಡ್ರಾಯರು ಬೇಕು, ಮತ್ತು ಪ್ರತಿಯೊಂದಕ್ಕೂ ಯಾವ ಗಾಡಿಯ ಯಾವ ಜಾಗಕ್ಕೆ ಎಂದು ಬರೆದ ಚೀಟಿ ಬೇಕು. ಹದಿನಾಲ್ಕರ ರಿಂಗು ಕಳೆದರೆ ಅಂಗಡಿಯಿದೆ. ಬಗ್ಗಿಸಿದ ಹದಿನಾಲ್ಕು ಕಳೆದರೆ, ಅದನ್ನು ಬಗ್ಗಿಸಿದವರು ಕೆಲಸ ಬಿಟ್ಟು ಹೋಗಿದ್ದರೆ, ಆ ಬೋಲ್ಟಿನ ಜ್ಞಾನವೂ ಅದರ ಜೊತೆ ಹೋಯಿತು.

ಎಸೆಯುವ ಮಾತು ಜಪಾನಿನ ‘ಐದು ಎಸ್’ ಪದ್ಧತಿಯ ಮೊದಲ ಹೆಜ್ಜೆ. ಬೇಡದ್ದನ್ನು ಬೇರ್ಪಡಿಸು, ಇರುವುದಕ್ಕೆ ಜಾಗ ಮಾಡು, ಶುಚಿ ಮಾಡು, ಅದನ್ನೇ ಪದ್ಧತಿಯಾಗಿಸು, ಬಿಡದೆ ಪಾಲಿಸು. ಬಿಡದಿಯ ಟೊಯೋಟಾ ಕಾರ್ಖಾನೆಯ ಜೊತೆಗೆ 2007ರಿಂದ ನಡೆಯುತ್ತಿರುವ ತರಬೇತಿ ಸಂಸ್ಥೆಗೆ ರಾಜ್ಯದ ಹಳ್ಳಿಗಾಡಿನ ಹುಡುಗರು ಬಂದು ಸೇರುತ್ತಾರೆ. ಅಲ್ಲಿನ ಟೊಯೋಟಾ ಪದ್ಧತಿಯಲ್ಲಿ ಈ ಐದು ಹೆಜ್ಜೆಗಳು ಅಕ್ಷರಾಭ್ಯಾಸವಿದ್ದಂತೆ. ಹೊರಗೆ ಮಾತ್ರ ಎರಡನೆಯ ಹೆಜ್ಜೆಯಿಂದ ಶುರು ಮಾಡುವವರೇ ಹೆಚ್ಚು. ಗೋಡೆಗೆ ಹಲಗೆ ಹೊಡೆದು, ಪ್ರತಿ ಉಪಕರಣದ ನೆರಳಿನಾಕಾರ ಬಣ್ಣದಲ್ಲಿ ಬಿಡಿಸುತ್ತಾರೆ. ಆರು ತಿಂಗಳಲ್ಲಿ ಹೊಸ ಉಪಕರಣಗಳು ಬಂದಿರುತ್ತವೆ, ಅವುಗಳಿಗೆ ನೆರಳಿಲ್ಲ. ಹಳೆಯವು ಮುರಿದಿರುತ್ತವೆ, ಅವುಗಳ ನೆರಳು ಮಾತ್ರ ಉಳಿದಿದೆ. ಆಡಿಟರ್ ಬರುವ ಹಿಂದಿನ ದಿನ ಮಾತ್ರ ತುಂಬುವ ಹಲಗೆಗಳೂ ಇವೆ. ಆದರೂ ಆ ನೆರಳಿನ ಹಿಂದಿರುವ ವಿಚಾರ ನನಗೆ ಇಡೀ ವಿಷಯದ ತಿರುಳಾಗಿ ಕಾಣುತ್ತದೆ. ಪೆಟ್ಟಿಗೆ ನಮಗೆ ತೋರಿಸಬೇಕಾದ್ದು ಏನೇನಿದೆ ಎಂಬುದಕ್ಕಿಂತ ಹೆಚ್ಚಾಗಿ, ಏನಿಲ್ಲ ಎಂಬುದನ್ನು.

ವಿಮಾನ ರಿಪೇರಿ ಮಾಡುವವರು ಇದನ್ನು ನಿಯಮವಾಗಿಸಿಕೊಂಡಿದ್ದಾರೆ. ಅಲ್ಲಿನ ಡ್ರಾಯರಿನಲ್ಲಿ ಎರಡು ಬಣ್ಣದ ಫೋಮ್ ಹಾಸಿರುತ್ತಾರೆ. ಮೇಲೆ ಕಪ್ಪು, ಕೆಳಗೆ ಹಳದಿ ಅಥವಾ ಕೆಂಪು. ಪ್ರತಿ ಉಪಕರಣದ ಆಕಾರಕ್ಕೆ ಮೇಲಿನ ಪದರ ಕತ್ತರಿಸಿರುತ್ತದೆ. ಸ್ಪ್ಯಾನರು ಎತ್ತಿದೊಡನೆ ಆ ಜಾಗ ಗಾಢ ಬಣ್ಣದಲ್ಲಿ ಬಾಯಿ ತೆರೆಯುತ್ತದೆ. ಪ್ರತಿಯೊಂದರ ಮೇಲೂ ಕೆತ್ತಿದ ಸಂಖ್ಯೆ. ಸ್ಟೋರಿನಿಂದ ಒಂದನ್ನು ಪಡೆದರೆ ಆ ಜಾಗದಲ್ಲಿ ಪಡೆದವರ ಬಿಲ್ಲೆ ತೂಗಬೇಕು. ಪಾಳಿ ಮುಗಿದಾಗ ಲೆಕ್ಕ. ಒಂದು ಕಡಿಮೆಯಾದರೆ ಅದು ಸಿಗುವವರೆಗೆ, ಅಥವಾ ವಿಮಾನದೊಳಗಿಲ್ಲ ಎಂದು ಖಾತ್ರಿಯಾಗುವವರೆಗೆ ವಿಮಾನ ಹೊರಡುವಂತಿಲ್ಲ.

ಇಷ್ಟಿದ್ದೂ 2023ರ ಡಿಸೆಂಬರಿನಲ್ಲಿ ಕ್ವಾಂಟಸ್ ಕಂಪನಿಯ ಎ380 ವಿಮಾನವೊಂದು ಲಾಸ್ ಏಂಜಲೀಸ್‌ನಲ್ಲಿ ತಪಾಸಣೆ ಮುಗಿಸಿ ಹೊರಟಾಗ ಎಡಭಾಗದ ಹೊರ ಎಂಜಿನ್ನಿನೊಳಗೆ ಒಂದೂಕಾಲು ಮೀಟರ್ ಉದ್ದದ ನೈಲಾನ್ ಉಪಕರಣವೊಂದು ಉಳಿದುಹೋಗಿತ್ತು. ಒಳಗೆ ಕ್ಯಾಮೆರಾ ಇಳಿಸಿ ನೋಡುವಾಗ ಎಂಜಿನ್ನನ್ನು ಕೈಯಿಂದ ತಿರುಗಿಸಲು ಬಳಸುವ ಸಾಧನ ಅದು. ಅದನ್ನು ಹೊತ್ತುಕೊಂಡೇ ವಿಮಾನ 34 ಸಲ ಹಾರಿತು, ಸುಮಾರು 294 ಗಂಟೆ. ಸಿಕ್ಕಿದ್ದು 2024ರ ಜನವರಿ 1ರಂದು, ಅದೇ ಲಾಸ್ ಏಂಜಲೀಸ್‌ನಲ್ಲಿ. ಯಾರಿಗೂ ಏನೂ ಆಗಲಿಲ್ಲ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆಯ ವರದಿ ಎತ್ತಿ ತೋರಿಸಿದ್ದು ಇದನ್ನು: ಉಪಕರಣ ಕಳೆದಾಗ ಮಾಡಬೇಕಾದ ಶೋಧ ವಿಮಾನವನ್ನು ಹಾರಾಟಕ್ಕೆ ಬಿಡುವ ಮುನ್ನ ಶುರುವಾಗಿಯೇ ಇರಲಿಲ್ಲ. ಖಾಲಿ ಜಾಗ ಅಲ್ಲೇ ಇತ್ತು, ಅದು ಹೇಳಿದ್ದನ್ನು ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಘಟನೆ ಇದಕ್ಕಿಂತ ಭೀಕರ. 1980ರ ಸೆಪ್ಟೆಂಬರ್ 18, ಅಮೆರಿಕದ ಅರ್ಕಾನ್ಸಾ ರಾಜ್ಯದ ಡಮಾಸ್ಕಸ್ ಎಂಬ ಊರಿನ ಬಳಿ, ನೆಲದೊಳಗಿನ ಟೈಟನ್ ಕ್ಷಿಪಣಿ ನೆಲೆ. ಒಂದು ಮುಚ್ಚಳ ಬಿಚ್ಚಲು ಟಾರ್ಕ್ ರೆಂಚು ಬಳಸಬೇಕೆಂಬ ನಿಯಮ ಬಂದಿತ್ತು. ರೆಂಚು ಟ್ರಕ್ಕಿನಲ್ಲೇ ಉಳಿದಿತ್ತು, ಕೈಯಲ್ಲಿದ್ದದ್ದು ರ‍್ಯಾಚೆಟ್ಟು. ಅದರಿಂದ ಜಾರಿದ ಮೂರೂವರೆ ಕಿಲೋ ತೂಕದ ಸಾಕೆಟ್ಟು ಇಪ್ಪತ್ತು ಮೀಟರಿಗೂ ಹೆಚ್ಚು ಆಳಕ್ಕೆ ಬಿದ್ದು, ಪುಟಿದು, ಕ್ಷಿಪಣಿಯ ಇಂಧನ ಟ್ಯಾಂಕನ್ನು ತೂತು ಮಾಡಿತು. ಮರುದಿನ ನಸುಕಿನಲ್ಲಿ ಕ್ಷಿಪಣಿ ಸ್ಫೋಟಿಸಿ ಒಬ್ಬ ಸೈನಿಕ ಸತ್ತ. ಅಣು ಸಿಡಿತಲೆ ಹೊರಗೆ ಚಿಮ್ಮಿ ಬಿತ್ತು, ಸಿಡಿಯಲಿಲ್ಲ. ಈ ಅನಾಹುತಕ್ಕೆ ಹಲವು ಕಾರಣಗಳಿದ್ದವು. ಸರಿಯಾದ ಉಪಕರಣ ದೂರದಲ್ಲಿದ್ದಾಗ ಕೈ ಹತ್ತಿರದ್ದನ್ನೇ ಹಿಡಿಯುತ್ತದೆ ಎಂಬುದೂ ಅವುಗಳಲ್ಲೊಂದು.

ನಮ್ಮ ಗ್ಯಾರೇಜುಗಳಿಗೆ ವರ್ಷಕ್ಕೊಂದು ಲೆಕ್ಕದ ದಿನ ಮೊದಲಿನಿಂದ ಇದೆ, ಆಯುಧಪೂಜೆ. ಹಿಂದಿನ ದಿನವೇ ಪೆಟ್ಟಿಗೆಯ ತಳದವರೆಗೆ ಎಲ್ಲ ಹೊರಬಂದು, ಸೀಮೆಎಣ್ಣೆಯ ಸ್ನಾನ ಮುಗಿಸಿ, ಟಾರ್ಪಾಲಿನ ಮೇಲೆ ಸಾಲಾಗಿ ಮಲಗುತ್ತವೆ. ಅರಿಶಿನ ಕುಂಕುಮ ಹಚ್ಚುವ ಕೈಗೆ ಆಗ ಗೊತ್ತಾಗುತ್ತದೆ, ಸಾಲಿನಲ್ಲಿ 14-15 ಇಲ್ಲ, ಪುಲ್ಲರಿನ ಒಂದು ಕಾಲು ಇಲ್ಲ, ಪಕ್ಕದ ಗ್ಯಾರೇಜಿನ ವೈಸ್ ಗ್ರಿಪ್ಪು ನಮ್ಮಲ್ಲಿದೆ. ಕೂಷ್ಮಾಂಡ ಒಡೆಯುವ ಮುನ್ನ ಅಕ್ಕಪಕ್ಕದ ಗ್ಯಾರೇಜುಗಳ ನಡುವೆ ಸದ್ದಿಲ್ಲದ ವಿನಿಮಯವೊಂದು ನಡೆದುಹೋಗುತ್ತದೆ. ಎಸ್.ಜೆ.ಪಿ. ರಸ್ತೆಯ ಉಪಕರಣದಂಗಡಿಗಳಿಗೂ ಅದು ಸುಗ್ಗಿ.

ವರ್ಷಕ್ಕೊಂದು ದಿನ ಸಾಲದು. ಪ್ರತಿ ಗಾಡಿಯ ಬಾನೆಟ್ ಮುಚ್ಚುವ ಮುನ್ನ ಪೆಟ್ಟಿಗೆಯತ್ತ ಒಂದು ನೋಟ ಹಾಯಿಸಿದರೆ ಸಾಕು, ಬೇರೆ ಪಟ್ಟಿ ಬೇಕಿಲ್ಲ. ಆ ನೋಟಕ್ಕೆ ಅರ್ಥ ಬರಬೇಕಾದರೆ ಮಾತ್ರ ಪ್ರತಿಯೊಂದಕ್ಕೂ ಅದರದ್ದೇ ಜಾಗ ಇರಬೇಕು. ರಾಶಿಯಲ್ಲಿ ಹತ್ತಿದ್ದದ್ದು ಒಂಬತ್ತಾದರೆ ಯಾವ ಕಣ್ಣಿಗೂ ಕಾಣುವುದಿಲ್ಲ. ಮರೆತ ಸ್ಪ್ಯಾನರು ಇರುವ ಜಾಗಗಳೂ ಹೆಚ್ಚಿಲ್ಲ: ಬ್ಯಾಟರಿಯ ಮೇಲೆ, ರೇಡಿಯೇಟರಿನ ಪಟ್ಟಿಯ ಮೇಲೆ, ವೈಪರಿನ ಬುಡದಲ್ಲಿ, ಚಾಸಿಯ ಅಂಚಿನಲ್ಲಿ. ರೇಡಿಯೇಟರಿನ ಮೇಲಿನದು ಫ್ಯಾನಿಗೆ ಬೀಳುತ್ತದೆ. ಬ್ಯಾಟರಿಯ ಮೇಲಿನದು ಎರಡು ಟರ್ಮಿನಲ್ಲುಗಳಿಗೆ ಅಡ್ಡಬಿದ್ದರೆ ನೂರಾರು ಆಂಪಿಯರ್ ವಿದ್ಯುತ್ ಅದರಲ್ಲಿ ಹರಿದು, ಕಬ್ಬಿಣ ಕೆಂಪಗೆ ಕಾದು ಅಲ್ಲೇ ಅಂಟಿಕೊಳ್ಳುತ್ತದೆ.

ಸಾಲ ಕೊಡುವುದನ್ನು ತಡೆಯಲು ಆಗದು, ತಡೆಯಲೂ ಬಾರದು; ಒಂದೇ ರಸ್ತೆಯ ಗ್ಯಾರೇಜುಗಳು ಬದುಕುವುದೇ ಹಾಗೆ. ಹಿಡಿಗೆ ಸ್ವಂತದ್ದೊಂದು ಬಣ್ಣದ ಪಟ್ಟಿ ಬಳಿದು, ಕೊಟ್ಟ ಜಾಗದಲ್ಲಿ ಪಡೆದವರ ಹೆಸರಿನ ಚೀಟಿ ಇಟ್ಟರೆ ಆಯಿತು. ಚೀಟಿಯೂ ಇಲ್ಲ, ಉಪಕರಣವೂ ಇಲ್ಲ ಎಂದಾದರೆ, ಎರಡು ದಿನ ಹುಡುಕಿ, ಮೂರನೆಯ ದಿನ ಹೊಸದು ತಂದು ಆ ಜಾಗ ತುಂಬಿಬಿಡಬೇಕು. ಹತ್ತರ ಸ್ಪ್ಯಾನರಿಗೆ ಒಂದೆರಡು ಊಟದ ದುಡ್ಡು ಸಾಕು. ಜಿಪುಣತನದಿಂದಲೋ ಸಿಗಬಹುದೆಂಬ ಆಸೆಯಿಂದಲೋ ಅದನ್ನು ಹಾಗೇ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಆ ಖಾಲಿ ಜಾಗಕ್ಕೆ ಕಣ್ಣು ಒಗ್ಗಿಹೋಗುತ್ತದೆ, ಅದರ ಪಕ್ಕದ ಹನ್ನೆರಡು ಮಾಯವಾದ ದಿನವೂ ಯಾರೂ ತಿರುಗಿ ನೋಡುವುದಿಲ್ಲ.